ಲೈಸೆನ್ಸಿಗೆ ಇಪ್ಪತ್ತು ಗಂಟೆ

ನಾನು ನನ್ನ ಪಾಡಿಗೆ ಸುಮ್ಮನೆ ಕೂತಿದ್ದರೂ ನಗೆಪಾಟಲಿನ ಪ್ರಸಂಗಗಳು ಟ್ಯಾಕ್ಸಿ ಮಾಡಿಕೊಂಡು ನನ್ನನ್ನೇ ಹುಡುಕಿಕೊಂಡು ಬರುತ್ತವೆ ಮಾರಾಯ್ರೆ. ಮಸ್ಕತ್ತಿನಲ್ಲಿ ಎಣ್ಣೆ ಬೆಲೆ ಬಿದ್ದ ಆ ವರ್ಷವಂತೂ ಒಂದು ಹೋಗುವಷ್ಟರಲ್ಲಿ ಇನ್ನೊಂದು ಬೆಲ್ ಒತ್ತುತ್ತಿತ್ತು.

ಮೊದಲು ನನ್ನ ಕೆಲಸ ಎಂತದು ಅಂತ ಹೇಳಿಬಿಡುತ್ತೇನೆ. ಕಂಪನಿಗಳ ಜಗಳ ವಿಚಾರಣೆಗೆ ಬಂದಾಗ ಅಲ್ಲಿ ಆಡಿದ ಪ್ರತಿ ಮಾತನ್ನೂ ಪುಟ್ಟ ಯಂತ್ರದಲ್ಲಿ ಕುಟ್ಟಿ ದಾಖಲಿಸುವುದು. ಸಾಕ್ಷಿ ತಡವರಿಸಿದರೆ ತಡವರಿಕೆ, ವಕೀಲರು ಕೆಮ್ಮಿದರೆ ಕೆಮ್ಮು, ಎಲ್ಲ ಬರಬೇಕು. ಈ ಕೆಲಸ ಮಾಡುವವರಿಗೂ ರಿಪೋರ್ಟರ್ ಅಂತಲೇ ಹೆಸರು, ಇದಕ್ಕೆ ಲೈಸೆನ್ಸ್ ಉಂಟು. ಅದನ್ನು ಕೊಡುವ ಸಂಘ ಎಲ್ಲೋ ದೂರದ ದೇಶದಲ್ಲಿ ಕೂತು, ವರ್ಷಕ್ಕೆ ಇಪ್ಪತ್ತು ಗಂಟೆ ಹೊಸ ಪಾಠ ಕಲಿತರೆ ಮಾತ್ರ ನವೀಕರಣ ಎನ್ನುತ್ತದೆ.

ಒಳ್ಳೆಯ ಕಾಲದಲ್ಲಿ ಆಫೀಸಿನವರು ನಮ್ಮನ್ನು ದೊಡ್ಡ ಹೋಟೆಲಿಗೇ ಕಳಿಸುತ್ತಿದ್ದರು. ಪಾಠಕ್ಕಿಂತ ಬಫೆ ಉದ್ದ ಇರುತ್ತಿತ್ತು. ಎಣ್ಣೆ ಬಿದ್ದದ್ದೇ ತಡ, ಬಫೆ ಖಲಾಸ್. ಮ್ಯಾನೇಜರ್ ನಮ್ಮ ನಾಲ್ಕು ಜನ ರಿಪೋರ್ಟರುಗಳನ್ನು ನಿಲ್ಲಿಸಿ, "ಡಿಸೆಂಬರ್ ಮುಗಿಯುವಾಗ ಯಾರ ಲೈಸೆನ್ಸ್ ಇರುವುದಿಲ್ಲವೋ ಅವರಿಗೆ ಊರಿನ ಟಿಕೆಟ್" ಎಂದರು. ಮನೆಯವರ ಕಂಪನಿ ಆಗಲೇ ಅರ್ಧ ಸಂಬಳಕ್ಕೆ ಇಳಿದಿತ್ತು. ಮಗಳ ಶಾಲೆ, ದಾರ್ಸೈಟಿನ ಫ್ಲ್ಯಾಟು, ಎರಡೂ ನನ್ನ ಕೆಲಸದ ಮೇಲೆ ನಿಂತಿದ್ದವು. ಅವತ್ತು ರಾತ್ರಿಯೇ ಕೂತು ಇಪ್ಪತ್ತು ಗಂಟೆಯ ಲೆಕ್ಕ ಹಾಕಿದೆ.

೧. ಪಕ್ಕದ ಮನೆಯ ವೇಗ

ಮನೆಯಲ್ಲೇ ವೇಗದ ಅಭ್ಯಾಸ ಮಾಡಿ ಕಳಿಸಿದರೆ ನಾಲ್ಕು ಗಂಟೆ ಸಿಗುತ್ತಿತ್ತು. ಯಾರಾದರೂ ಬಡಬಡ ಮಾತಾಡಬೇಕು, ನಾನು ದಾಖಲಿಸಬೇಕು. ಭಾಷೆ ಯಾವುದಾದರೂ ಆದೀತು, ಯಂತ್ರಕ್ಕೆ ಬೇಕಾದ್ದು ಸದ್ದು. ನಮ್ಮ ಮನೆಯವರಿಂದ ಇದು ಆಗುವ ಕೆಲಸವಲ್ಲ. ಅವರು ಒಂದು ವಾಕ್ಯ ಶುರು ಮಾಡಿದರೆ, ಅದು ಮುಗಿಯುವುದರೊಳಗೆ ನಾನು ಸಾರಿಗೆ ಒಗ್ಗರಣೆ ಹಾಕಿ ಬರಬಹುದು.

ಪಕ್ಕದ ಫ್ಲ್ಯಾಟಿನ ಬಾಗಲಕೋಟೆಯ ಹೆಂಗಸನ್ನು ಕರೆದೆ. "ಏನ್ ಮಾತಾಡ್ಲಿ ಅಕ್ಕಾರ? ನನಗ ಮಾತ ಬರಂಗಿಲ್ಲ" ಎಂದು ಸೆರಗು ಕಚ್ಚಿ ನಾಚಿಕೊಂಡರು. "ಯಾವುದಾದರೂ ಮದುವೆ ಸುದ್ದಿ ಹೇಳಿ" ಎಂದೆ. ನಾದಿನಿಯ ಮದುವೆ ಶುರುವಾಯಿತು. ಎರಡು ಗಂಟೆಯಾದರೂ ಉಸಿರು ತೆಗೆದುಕೊಳ್ಳಲಿಲ್ಲ ಆ ಪುಣ್ಯಾತ್ಗಿತ್ತಿ. ನನ್ನ ಬೆರಳು ಬಾತುಹೋಗಿ, "ಸಾಕು" ಎಂದು ಕೈ ಮುಗಿದರೆ, "ಅಯ್ಯ, ಈಗರ ಹೆಣ್ಣ ನೋಡಾಕ ಬಂದಾರ, ಮದಿವಿ ಇನ್ನೂ ಐತಿ!" ಎಂದರು. ಮರುದಿನ ನನ್ನ ಸ್ನಾನ ಆಗುವ ಮೊದಲೇ ಬಾಗಿಲಲ್ಲಿ ಹಾಜರು. "ನಿನ್ನಿ ಎಲ್ಲಿಗಿ ಬಿಟ್ಟಿದ್ನಿ? ಸ್ವಲ್ಪ ಓದ್ರಿ."

ನಾಲ್ಕು ಗಂಟೆಯ ದಾಖಲೆ ಕಳಿಸಿದೆ. ಸಂಘದಿಂದ ಉತ್ತರ ಬಂತು: "ಈ ವೇಗದಲ್ಲಿ ಮನುಷ್ಯರು ಮಾತಾಡುವುದು ಸಾಧ್ಯವಿಲ್ಲ. ಗಂಟೆಗಳನ್ನು ತಿರಸ್ಕರಿಸಲಾಗಿದೆ. ದಯವಿಟ್ಟು ನಿಮ್ಮ ಯಂತ್ರವನ್ನು ರಿಪೇರಿ ಮಾಡಿಸಿ."

೨. ಘಾಲಾದ ವಿದ್ಯಾರ್ಥಿ

ಮುಂದಿನ ತರಗತಿ ಗ್ಯಾರೇಜುಗಳೇ ತುಂಬಿದ ಘಾಲಾದಲ್ಲಿ, ಒಂದು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ. ವಿಷಯ: ಗದ್ದಲದ ನಡುವೆ ದಾಖಲೆ. ಇಂಥ ವಿಷಯಕ್ಕೆ ಇಂಥ ಜಾಗ ಹುಡುಕಿದವರಿಗೆ ದೊಡ್ಡ ನಮಸ್ಕಾರ. ಕೆಳಗೆ ಒಬ್ಬ ಪಂಜಾಬಿ ಮೆಕ್ಯಾನಿಕ್ ಕಾರಿನ ಬಾಗಿಲಿಗೆ ಸುತ್ತಿಗೆಯಲ್ಲಿ ಬಡಿಯುತ್ತಿದ್ದ, ಮೇಲೆ ಪಾಠ ಮಾಡುವ ಮೇಡಂ ಗಂಟಲು ಹರಿದುಕೊಳ್ಳುತ್ತಿದ್ದರು. "ಸದ್ದು ಹೆಚ್ಚಾದರೆ ಅಂಜಬೇಡಿ. ಎದ್ದು ಹೋಗಿ ನಿಲ್ಲಿಸಿ."

ನಮ್ಮ ನಾಲ್ವರಲ್ಲಿ ಎಲ್ಲರಿಗಿಂತ ಹಿರಿಯರು ವಿಜಯಪುರದವರು. ಪಾಠ ಮಾಡುವವರು ಹೇಳಿದ್ದನ್ನು ತಕ್ಷಣ ಮಾಡಿಬಿಡುವ ಸ್ವಭಾವ. ಎದ್ದು ಇಳಿದೇ ಹೋದರು. ಸುತ್ತಿಗೆ ನಿಂತಿತು. ಹತ್ತು ನಿಮಿಷ ಬಿಟ್ಟು ಮೆಕ್ಯಾನಿಕ್‌ನನ್ನೇ ಕರಕೊಂಡು ಬಂದರು, ಅವನ ಕೈಯಲ್ಲಿ ಎಲ್ಲರಿಗೂ ಚಹಾ. ಅವನು ಎ.ಸಿ. ಕೆಳಗೆ ಕುರ್ಚಿ ಎಳೆದುಕೊಂಡು ಕೂತ. ಹಾಜರಿ ಹಾಳೆ ಬಂತು, ಸಹಿ ಹಾಕಿದ. ಸಂಜೆ ಅವನಿಗೂ ಸರ್ಟಿಫಿಕೇಟ್ ಸಿಕ್ಕಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿ ಇಪ್ಪತ್ತು ನಿಮಿಷ ತಡವಾಗಿ ಬಂದ ನನಗೆ ಮಾತ್ರ ಎರಡು ಗಂಟೆ ಕಡಿತ.

ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅವನು ಗ್ಯಾರೇಜಿನ ಗೋಡೆಗೆ ನೇತುಹಾಕಿದನಂತೆ. ಅದನ್ನು ನೋಡಿದ ಮೇಲೆ ಗಿರಾಕಿಗಳು ಚೌಕಾಸಿ ಮಾಡುವುದನ್ನೇ ಬಿಟ್ಟರಂತೆ.

೩. ಒತ್ತಡ

ಅಲ್ ಅಜೈಬಾದಲ್ಲಿ "ಕೆಲಸದ ಒತ್ತಡ ನಿಭಾಯಿಸುವುದು ಹೇಗೆ" ಎಂಬ ತರಗತಿ. ಉಸಿರು ಎಳೆದುಕೊಳ್ಳಿ, ನಾಲ್ಕು ಎಣಿಸಿ, ಬಿಡಿ ಎಂದು ಮೇಷ್ಟ್ರು ನಮ್ಮನ್ನು ಮಲಗಿಸುವ ಹಂತಕ್ಕೆ ತಂದಿದ್ದರು. ಅಷ್ಟರಲ್ಲಿ ಅವರ ಮೊಬೈಲಿಗೆ ಒಂದು ಮೆಸೇಜ್. ಓದಿದವರೇ ನೆಲಕ್ಕೆ ಕುಸಿದು ಕೂತರು. ಅವರ ಕಂಪನಿ ಅವರನ್ನೇ ತೆಗೆದುಹಾಕಿತ್ತು. ಪಾಪ ಅನಿಸಿತು. ನಮ್ಮ ವಿಜಯಪುರದ ಹಿರಿಯರು ನೀರು ಕೊಟ್ಟು, ಬೆನ್ನು ಸವರಿ, "ಉಸರ ತಗೋರಿ ಸರ, ನಾಕ ಎಣಸ್ರಿ" ಎಂದರು. "ಎಂಥ ನಾಲ್ಕು ರೀ!" ಎಂದು ಮೇಷ್ಟ್ರು ಕಿರುಚಿದರು. ಆ ತರಗತಿಯಲ್ಲಿ ನಾವೆಲ್ಲ ಪಾಸು, ಫೇಲಾದವರು ಮೇಷ್ಟ್ರು ಒಬ್ಬರೇ.

೪. ಆಲಿಸುವ ಕಲೆ

ಡಿಸೆಂಬರ್ ಕೊನೆಯ ವಾರ. ಉಳಿದ ಮೂವರಿಗೆ ಅಷ್ಟೋ ಇಷ್ಟೋ ಬೇಕಿತ್ತು, ನನಗೆ ತಿರಸ್ಕಾರದ ನಾಲ್ಕು, ಕಡಿತದ ಎರಡು ಸೇರಿ ಇನ್ನೂ ಪೂರ್ತಿ ಆರು ಗಂಟೆ. ಸಿಕ್ಕಿದ್ದು ಒಂದೇ ತರಗತಿ, ನಮ್ಮ ಆಫೀಸಿನ ಸ್ಟೋರ್ ರೂಮಿನಲ್ಲಿ. ವಿಷಯ: ಏಕಾಗ್ರತೆಯಿಂದ ಆಲಿಸುವ ಕಲೆ. ಪಾಠಕ್ಕೆ ಬಂದವರು ದಿಲ್ಲಿ ಕಡೆಯ ಒಬ್ಬ ನಿವೃತ್ತ ರಿಪೋರ್ಟರ್, ಗತ್ತಿನ ಮನುಷ್ಯ. "ಕೊನೆಗೆ ಹತ್ತು ಪ್ರಶ್ನೆ ಕೇಳುತ್ತೇನೆ. ಉತ್ತರ ಬಾರದಿದ್ದರೆ ಒಂದು ಗಂಟೆಯೂ ಇಲ್ಲ" ಎಂದು ಮೊದಲೇ ಗುಡುಗಿದರು.

ಅವರು ಬಾಯಿ ತೆರೆದದ್ದೇ, ನಾಲ್ಕು ಯಂತ್ರಗಳು ಟಕಟಕ ಶುರು. ಅಭ್ಯಾಸಬಲ ನೋಡಿ. ನಮ್ಮ ಕಸುಬಿನಲ್ಲಿ ಮಾತು ಕಿವಿಯಿಂದ ಸೀದಾ ಬೆರಳಿಗೆ ಇಳಿಯುತ್ತದೆ, ತಲೆಗೆ ಹೋಗುವ ದಾರಿಯೇ ಇಲ್ಲ. ಮಧ್ಯಾಹ್ನದವರೆಗೆ ಒಬ್ಬೊಬ್ಬರದೂ ನೂರು ಪುಟ ದಾಟಿತ್ತು.

ಊಟದ ನಂತರ ಯಂತ್ರ ಮುಚ್ಚಿಸಿ ಪ್ರಶ್ನೆ ಕೇಳಿದರು. "ಆಲಿಸುವಿಕೆಯ ಮೊದಲ ಮೆಟ್ಟಿಲು ಯಾವುದು?" ನಾನು ಹಿರಿಯರ ಮುಖ ನೋಡಿದೆ, ಹಿರಿಯರು ಫ್ಯಾನು ನೋಡಿದರು. ಎರಡನೆಯ ಪ್ರಶ್ನೆಗೂ ಅದೇ, ಹತ್ತನೆಯದಕ್ಕೂ ಅದೇ. ನಾಲ್ವರಿಗೂ ದೊಡ್ಡ ಸೊನ್ನೆ.

"ಇಡೀ ದಿನ ಮಾಡಿದ್ದೇನು ನೀವು?"

ನನಗೆ ಅಳು ಬಂದೇಬಿಟ್ಟಿತು. "ಸಾರ್, ಈ ಆರು ಗಂಟೆ ಸಿಗದಿದ್ದರೆ ನನ್ನ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ಕೆಲಸ ಹೋಗುತ್ತದೆ. ನೀವು ಹೇಳಿದ್ದೆಲ್ಲ ನನ್ನ ಹತ್ತಿರ ಉಂಟು, ಒಂದು ಮಾತೂ ಬಿಟ್ಟಿಲ್ಲ."

"ಒಂದೂ ಬಿಟ್ಟಿಲ್ಲವೋ? ಎಲ್ಲಿಂದಾದರೂ ಓದಿ, ನೋಡುವ" ಎಂದು ಕಾಲ ಮೇಲೆ ಕಾಲು ಹಾಕಿ ಕೂತರು.

ನಾನು ಕಣ್ಣೊರೆಸಿಕೊಂಡು, ತೆರೆದುಕೊಂಡ ಪುಟವನ್ನು ವಿಚಾರಣೆಯಲ್ಲಿ ಓದುವ ಹಾಗೆಯೇ ಒಂದೇ ರಾಗದಲ್ಲಿ ಓದುತ್ತಾ ಹೋದೆ. "ಒಳ್ಳೆಯ ಕೇಳುಗ ಎದುರಿನವರ ಕಣ್ಣನ್ನು ನೋಡುತ್ತಾನೆ. ಒಂದು ನಿಮಿಷ, ಮನೆಯಿಂದ ಫೋನು. ಹಲೋ. ಹೂಂ. ಹೂಂ. ಕ್ಲಾಸಿನಲ್ಲಿದ್ದೇನೆ. ಎಂಥ ಕ್ಲಾಸು, ಎದುರಿಗೆ ನಾಲ್ಕು ಕತ್ತೆಗಳು ಕೂತಿವೆ. ಫೇಲ್ ಮಾಡುವುದಾ? ಹುಚ್ಚಾ ನಿನಗೆ? ಫೇಲ್ ಮಾಡಿದರೆ ಇನ್ನೊಂದು ದಿನ ಈ ಗೋಡೌನಿಗೆ ಬಂದು ಸಾಯಬೇಕು. ಸ್ವಲ್ಪ ಹೆದರಿಸಿ, ಎಲ್ಲರನ್ನೂ ಪಾಸು ಮಾಡಿ ಮೂರು ಗಂಟೆಗೆ ಬರುತ್ತೇನೆ. ಕೊತ್ತಂಬರಿ ಎಷ್ಟು ಕಟ್ಟು? ಎರಡಾ?"

ಓದಿ ಮುಗಿಸಿದ ಮೇಲೆಯೇ ನಾನು ಏನು ಓದಿದೆ ಅಂತ ನನಗೆ ಗೊತ್ತಾದದ್ದು. ಮೇಷ್ಟ್ರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಇದು... ಇದು ನಾನು ಹೇಳಿಲ್ಲ."

ಹಿರಿಯರು ನಿಧಾನಕ್ಕೆ ತಮ್ಮ ಯಂತ್ರ ತೆರೆದರು. "ನನ್ನ ಹತ್ರಾನೂ ಅದ ಸರ. ಕೊತ್ತಂಬರಿ ಎರಡು ಕಟ್ಟು." ಉಳಿದಿಬ್ಬರೂ ತಂತಮ್ಮ ಪುಟ ತೆಗೆದು ತಲೆಯಾಡಿಸಿದರು.

ಮೇಷ್ಟ್ರು ನಾಲ್ಕು ಸರ್ಟಿಫಿಕೇಟಿಗೂ ಸಹಿ ಹಾಕಿದರು. ನನ್ನದನ್ನು ಎರಡೂ ಕೈಯಲ್ಲಿ ಹಿಡಕೊಂಡು ಅಲ್ಲೇ ಕುಣಿಯುವುದೊಂದು ಬಾಕಿ. ಅವರು ಚೀಲ ಹೆಗಲಿಗೇರಿಸಿ, ಬಾಗಿಲವರೆಗೆ ಹೋಗಿ, ತಿರುಗಿ ಬಂದು, ನನ್ನ ಹತ್ತಿರ ಪಿಸುಗುಟ್ಟಿದರು: "ಮೇಡಂ, ಆ ಫೋನಿನ ಭಾಗ ಮಾತ್ರ ಸ್ವಲ್ಪ ಅಳಿಸಿಬಿಡಿ."

ನಾನು ಪುಟ ಹಿಂದಕ್ಕೆ ತಿರುಗಿಸಿ, ಬೆಳಿಗ್ಗೆ ಅವರೇ ಆಡಿದ ಮಾತನ್ನು ಅದೇ ರಾಗದಲ್ಲಿ ಓದಿ ಹೇಳಿದೆ. "ಪುಟ ನಾಲ್ಕು. ದಾಖಲೆಯಿಂದ ಒಂದಕ್ಷರ ಅಳಿಸಿದರೂ ಅಂಥವರ ಲೈಸೆನ್ಸನ್ನು ನಾನೇ ಕಿತ್ತು ಹಾಕಿಸುತ್ತೇನೆ."