ಖಾಲಿ ಹೊಟ್ಟೆಯ ಬೋರ್ಡು

ಸ್ಕ್ಯಾನಿಂಗ್ ಕೋಣೆಯನ್ನು ಪ್ರವೇಶಿಸುವ ಎಲ್ಲರೂ ಆರು ಗಂಟೆ ಕಾಲ ನಿರಾಹಾರಿಗಳಾಗಿರತಕ್ಕದ್ದು ಎಂಬ ನಿಯಮ ಆ ಆಸ್ಪತ್ರೆಯಲ್ಲಿ ಒಂಬತ್ತು ವರ್ಷಗಳಿಂದ ಜಾರಿಯಲ್ಲಿದೆ. ಮೂಲ ಆದೇಶದಲ್ಲಿ ‘ಪಿತ್ತಕೋಶ ತೋರಿಸಲು ಬರುವ ದೊಡ್ಡವರು’ ಎಂದಿತ್ತು. ಬೋರ್ಡಿನಲ್ಲಿ ಜಾಗ ಸಾಲದೆ ಪೇಂಟರ್ ‘ಎಲ್ಲರೂ’ ಎಂದು ಬರೆದು ಕೈತೊಳೆದುಕೊಂಡ. ಅಕ್ಷರ ಮುತ್ತಿನಂತಿದ್ದುದರಿಂದ ತಿದ್ದಲು ಯಾರಿಗೂ ಮನಸ್ಸಾಗಲಿಲ್ಲ.

ಆ ಬೋರ್ಡಿನ ಕೆಳಗೆ ತಾಯಿಯೊಬ್ಬಳು ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ಅದು ಮೂರನೇ ದಿನ. ಮಗುವಿಗೆ ಒಂದಕ್ಕೆ ಹೋದರೆ ಉರಿ, ಸಂಜೆಯಾದರೆ ಜ್ವರ. ಸ್ಕ್ಯಾನ್ ಆಗದೆ ಔಷಧಿ ಬದಲಿಸುವಂತಿಲ್ಲ. ಮೊದಲ ದಿನ ಮಗು ಹಾಲು ಕುಡಿದಿದೆಯೆಂದು ಬಾಗಿಲ ಗುಮಾಸ್ತರು ವಾಪಸು ಕಳಿಸಿದರು. ಎರಡನೇ ದಿನ ಹನಿ ನೀರೂ ಕೊಡದೆ ಕರೆತಂದಳು. ಅತ್ತು ಅತ್ತು ಸೋತ ಮಗುವಿನ ಹೊಟ್ಟೆ ನೋಡಿದ ಡಾಕ್ಟರಮ್ಮ, “ಮೂತ್ರಕೋಶ ಖಾಲಿ ಇದೆಯಲ್ಲಮ್ಮ, ಏನು ನೋಡ್ಲಿ? ಇದಕ್ಕೆ ಮಗು ಉಪವಾಸ ಇರೋದು ಬೇಡ. ನಾಳೆ ತಿನ್ನಿಸಿ, ಚೆನ್ನಾಗಿ ನೀರು ಕುಡಿಸಿ ಕರ್ಕೊಂಡು ಬನ್ನಿ” ಎಂದರು. ತಾಯಿ ಮಗುವನ್ನು ಎತ್ತಿಕೊಂಡು ಮನೆಗೆ ಹೋದಳು.

ಮೂರನೇ ದಿನ ಗುಮಾಸ್ತರು ಮಗುವಿನ ಬಾಯಿ ಮೂಸಿದರು. ಇದು ಅವರ ಅಧಿಕೃತ ಕರ್ತವ್ಯ. ನೆಗಡಿಯಾದ ದಿನ ಅವರಿಗೆ ಸಂಬಳಸಹಿತ ರಜೆ ಇದೆ.

“ಬಾಳೆಹಣ್ಣು,” ಎಂದರು. “ಎಷ್ಟು ಹೊತ್ತಿಗೆ?”

“ಎಂಟಕ್ಕೆ. ಡಾಕ್ಟರೇ ತಿನ್ನಿಸಿ ಅಂದ್ರು ಸಾರ್.”

“ಅಂದಿರಬಹುದಮ್ಮ. ಹೊಟ್ಟೆ ಅವರು ನೋಡ್ಕೋತಾರೆ, ಬಾಗಿಲು ನಾನು ನೋಡ್ಕೋತೀನಿ.”

“ಅಮ್ಮಾ, ಒಂದಕ್ಕೆ ಬರ್ತಿದೆ,” ಎಂದಿತು ಮಗು.

“ಸ್ವಲ್ಪ ತಡ್ಕೋ ಪುಟ್ಟಿ. ಸಾರ್, ಈಗ ಬಿಟ್ರೆ ಐದೇ ನಿಮಿಷದ ಕೆಲಸ.”

ಮಾತು ಕೇಳಿ ಡಾಕ್ಟರಮ್ಮ ಹೊರಗೆ ಬಂದರು. “ಏನ್ರೀ ನಿಮ್ಮ ರಗಳೆ, ಒಳಗೆ ಬಿಡ್ರಿ ಮಗೂನ.”

ಗುಮಾಸ್ತರು ಎದ್ದು ನಿಂತು ಕೈಮುಗಿದರು. “ಮೇಡಂ, ತಮ್ಮದು ತಿಂಡಿ ಆಯ್ತಾ?”

“ಆಯ್ತು. ಅದಕ್ಕೇನೀಗ?”

“ಹಾಗಾದ್ರೆ ತಾವೂ ಆರು ಗಂಟೆ ಹೊರಗೇ ಇರಬೇಕಾಗುತ್ತೆ.”

ಡಾಕ್ಟರಮ್ಮ ಬೋರ್ಡನ್ನು ಎರಡು ಸಲ ಓದಿದರು. ‘ಎಲ್ಲರೂ’ ಎಂಬುದರಲ್ಲಿ ಅವರೂ ಸೇರಿದ್ದಾರೆಂಬುದನ್ನು ಗುಮಾಸ್ತರು ಬೆರಳಿಟ್ಟು ತೋರಿಸಿದರು. ಒಂಬತ್ತು ವರ್ಷ ಈ ಪ್ರಶ್ನೆ ಕೇಳದೆ ಉಳಿದದ್ದಕ್ಕೆ ಕ್ಷಮೆಯನ್ನೂ ಕೋರಿದರು. ಡಾಕ್ಟರಮ್ಮ ಬೆಂಚಿನ ಮೇಲೆ ತಾಯಿಯ ಪಕ್ಕ ಕೂತರು. ಅಷ್ಟರಲ್ಲಿ ಮಗು ತಡೆಯಲಾರದೆ ತಾಯಿಯ ತೊಡೆಯ ಮೇಲೆಯೇ ಉಚ್ಚೆ ಮಾಡಿಕೊಂಡಿತು.

ಮಧ್ಯಾಹ್ನ ಪ್ರಕಟಣೆ ಹೊರಬಿತ್ತು: “ಈ ಸ್ಕ್ಯಾನಿಗೆ ಮಕ್ಕಳು ಉಪವಾಸವಿರಬೇಕಿಲ್ಲ ಎಂಬ ವೈದ್ಯರ ಅಭಿಪ್ರಾಯವನ್ನು ಆಡಳಿತ ಮಂಡಳಿ ಸರ್ವಾನುಮತದಿಂದ ಒಪ್ಪಿದೆ. ಬೋರ್ಡಿನಲ್ಲಿ ಜಾಗವಾದ ಕೂಡಲೇ ಇದನ್ನು ಸೇರಿಸಲಾಗುವುದು. ಅಲ್ಲಿಯವರೆಗೆ ಎಲ್ಲರೂ ಸಹಕರಿಸತಕ್ಕದ್ದು.” ಸಾಲಿನಲ್ಲಿದ್ದವರು ಇದು ನ್ಯಾಯವೇ ಎಂದು ತಲೆಯಾಡಿಸಿದರು. ತಾಯಿಗೆ ಮುಂದಿನ ವಾರದ ಚೀಟಿ ಸಿಕ್ಕಿತು.

ಸಂಜೆ ಮತ್ತೆ ಜ್ವರ ಬಂತು. ತಾಯಿ ಅನ್ನ ಕಲಸಿ ಒಂದು ತುತ್ತು ಹಿಡಿದಳು. ಮಗು ಅದನ್ನು ತಿನ್ನದೆ ಬಾಯಿ ಅಗಲಿಸಿ ಮುಖ ಮುಂದೆ ತಂದಿತು.

“ಮೊದಲು ಮೂಸಮ್ಮ.”

ತಾಯಿ ಬಗ್ಗಿ ಮೂಸಿದಳು, ಆಮೇಲೆ ತುತ್ತು ಇಟ್ಟಳು.