ಗಾಡಿಗೊಂದು ಹೀಟರ್, ಕೊಸರಿಗೊಂದು ಮೂಟೆ ಗೊಬ್ಬರ

ನೂರ ನಲವತ್ತು ಪೌಂಡ್ ಬೆಲೆಯ ಹೀಟರ್ ನನಗೆ ನಾನೂರ ಹತ್ತು ಪೌಂಡ್‌ಗೆ ಬಿತ್ತು. ಕಾರಣ ಇಷ್ಟೇ, ನಾನು ಚೌಕಾಸಿಯಲ್ಲಿ ಗಟ್ಟಿಗ. ಚೌಕಾಸಿ ಬಾರದ ಸಾಮಾನ್ಯ ಮನುಷ್ಯನಾಗಿದ್ದರೆ ಎಲ್ಲದಕ್ಕೂ ಕೇಳಿದಷ್ಟು ಕೊಟ್ಟು, ಅದೇ ದಿನ ಕೆಲಸ ಮುಗಿಸಿ, ಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದೆ. ಆದರೆ ತಿಪಟೂರಿನ ಸಂತೆಯಲ್ಲಿ ನಮ್ಮಮ್ಮ ಸೊಪ್ಪಿನವಳ ಮುಂದೆ ಕೂತು ವಾದಿಸಿ, ಬೇಡವೆಂದು ಎದ್ದು ನಾಲ್ಕು ಹೆಜ್ಜೆ ನಡೆದು, ಅವಳೇ ವಾಪಸ್ಸು ಕರೆಯುವಂತೆ ಮಾಡಿ, ಕಟ್ಟಿನ ಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಂಡು ಬರುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಈ ದೇಶಕ್ಕೆ ಬಂದ ಹೊಸದರಲ್ಲಿ ಹೋಟೆಲಿನ ಪಾತ್ರೆ ತೊಳೆದೆ. ಆಮೇಲೆ ಕರಿಬೇವು, ನುಗ್ಗೆಕಾಯಿ ವ್ಯಾನಿನಲ್ಲಿ ಹೇರಿಕೊಂಡು ಲಂಡನ್ನಿನ ಕೆಂಟನ್‌ನಿಂದ ಕೊಲಿಂಡೇಲ್‌ವರೆಗೆ ಮನೆಮನೆಗೆ ಮುಟ್ಟಿಸಿದೆ. ಈಗ ನಮ್ಮ ಮನೆಯ ಹತ್ತಿರವೇ ಇರುವ ದೊಡ್ಡ ಆಟದ ಮೈದಾನದ ಹುಲ್ಲು, ಗೇಟು, ಕಸದ ಡಬ್ಬಿಗಳ ಗುತ್ತಿಗೆ ನನ್ನದು. ಮೂರು ಮೆಟ್ಟಿಲನ್ನೂ ಹತ್ತಿಸಿದ್ದು ಈ ಬಾಯಿ. ಆದ್ದರಿಂದ ಅದು ಒಮ್ಮೊಮ್ಮೆ ಕೆಳಗೆ ತಳ್ಳಿದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಮೈದಾನದ ಕೆಲಸಕ್ಕೆ ಒಂದು ಗಾಡಿ ಬೇಕಿತ್ತು. ಇಬ್ಬರು ಪಕ್ಕಪಕ್ಕ ಕೂರುವುದರಿಂದ ಇಲ್ಲಿಯವರು ಅದನ್ನು ಸೈಡ್ ಬೈ ಸೈಡ್ ಅನ್ನುತ್ತಾರೆ. ನೋಡದವರು ನಮ್ಮೂರ ಆಟೋಗೂ ಟ್ರ್ಯಾಕ್ಟರಿಗೂ ಮನಸ್ಸಿನಲ್ಲೇ ಮದುವೆ ಮಾಡಿಸಿ, ಹುಟ್ಟಿದ ಕೂಸಿನ ಬೆನ್ನಿಗೆ ಒಂದು ಸಣ್ಣ ತೊಟ್ಟಿ ಕಟ್ಟಿಕೊಂಡರೆ ಸಾಕು. ಎನ್‌ಫೀಲ್ಡ್ ಆಚೆ ಕುದುರೆ ಲಾಯ ಇಟ್ಟುಕೊಂಡಿರುವ ಟೆರಿ ಎಂಬಾತ ಅಂಥದ್ದೊಂದು ಹಳೆಯ ಗಾಡಿಯನ್ನು ಮಾರಾಟಕ್ಕಿಟ್ಟಿದ್ದ. ಜುಲೈ ತಿಂಗಳು, ಲಂಡನ್ನಿಗೆ ಲಂಡನ್ನೇ ಫ್ಯಾನ್ ಹುಡುಕುತ್ತಿದ್ದ ದಿನ. ಟೆರಿಯ ಜೊತೆ ಚೌಕಾಸಿ ಮಾಡುವುದೆಂದರೆ ಗೋಡೆಯ ಜೊತೆ ಕೇರಂ ಆಡಿದಂತೆ. ನಾನು ಏನು ಹೇಳಿದರೂ ಟೀ ಹೀರುತ್ತಾನೆ, ಕುದುರೆಯನ್ನು ನೋಡುತ್ತಾನೆ, ಮತ್ತೆ ಅದೇ ಬೆಲೆ ಹೇಳುತ್ತಾನೆ. ಎದ್ದು ನಾಲ್ಕು ಹೆಜ್ಜೆ ನಡೆದೆ. ಕರೆಯಲಿಲ್ಲ. ಇನ್ನೂ ಹತ್ತು ಹೆಜ್ಜೆ ನಡೆದೆ. ಕುದುರೆ ಮಾತ್ರ ತಲೆಯೆತ್ತಿ ನೋಡಿತು. ಕಡೆಗೆ ನಾನೇ ವಾಪಸ್ಸು ಬಂದು ಎರಡನೆಯ ಪಟ್ಟು ಹಾಕಿದೆ. ಬೆಲೆ ಇಳಿಯದಿದ್ದರೆ ವಸ್ತುವನ್ನು ಇಳಿಸು, ಇದು ನನ್ನದೇ ಆವಿಷ್ಕಾರ.

"ಬಾಗಿಲುಗಳಿಲ್ಲದೆ ಎಷ್ಟು?" ಎಂದೆ.

ಟೆರಿ ಟೀ ಲೋಟ ಕೆಳಗಿಟ್ಟ. ಬಾಗಿಲು ಬೇಡವೇ ಎಂದು ಎರಡು ಸಲ ಕೇಳಿದ. ಬೇಡ, ಬಾಗಿಲಿಲ್ಲದಿದ್ದರೆ ಹತ್ತುವುದು ಇಳಿಯುವುದು ಸುಲಭ ಎಂದೆ. ಅವನು ತಕ್ಷಣ ಮುನ್ನೂರು ಪೌಂಡ್ ಇಳಿಸಿ, ಸ್ಪ್ಯಾನರ್ ತಂದು, ನಾನು ಮನಸ್ಸು ಬದಲಿಸುವ ಮುಂಚೆ ಎರಡೂ ಬಾಗಿಲು ಬಿಚ್ಚಿಬಿಟ್ಟ. ಆ ಅವಸರ ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಗೆದ್ದ ಖುಷಿಯಲ್ಲಿ ಕೊಸರು ಕೇಳಿದೆ. ಕೊಸರೆಂದರೇನೆಂದು ಅವನಿಗೆ ವಿವರಿಸಲು ಕಾಲು ಗಂಟೆ ಹಿಡಿಯಿತು. ಅರ್ಥವಾದ ಮೇಲೆ ಒಂದು ಮೂಟೆ ಕುದುರೆ ಗೊಬ್ಬರ ತಂದು ತೊಟ್ಟಿಗೆ ಹಾಕಿದ.

ಇನ್ನು ಗಾಡಿ ಓಡಿಸುವವರ ವಿಷಯ. ಗುತ್ತಿಗೆ ನನ್ನ ಹೆಸರಿನಲ್ಲಿದ್ದರೂ ಬೆಳಿಗ್ಗೆ ಆರೂವರೆಗೆ ಗೇಟು ತೆಗೆದು, ಮೈದಾನ ಸುತ್ತಿ, ಕಸ ತುಂಬಿಕೊಂಡು ಬರುವವಳು ನನ್ನ ಹೆಂಡತಿ ಸುಜಾತ. ನಾನು ಮಾತಿನ ವಿಭಾಗ ನೋಡಿಕೊಳ್ಳುತ್ತೇನೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅವಳು ವಾಪಸ್ಸು ಬಂದಾಗ ಬೀಗದ ಕೈ ತಿರುಗಿಸಲು ಬೆರಳುಗಳು ಮಡಚುತ್ತಿರಲಿಲ್ಲ. ಒಂದು ದಿನ ಅಡುಗೆಮನೆಗೆ ಹೋದರೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಹಬೆಯ ಮೇಲೆ ಎರಡೂ ಕೈ ಹಿಡಿದು ಸುಮ್ಮನೆ ನಿಂತಿದ್ದಳು. ನನ್ನನ್ನು ನೋಡಿ ಕೈ ಹಿಂದೆ ತೆಗೆದುಕೊಂಡಳು. ಬೈದಿದ್ದರೆ ಚೌಕಾಸಿ ಮಾಡಬಹುದಿತ್ತು.

"ರೀ, ಸ್ಕೂಲ್ ಕಿಚನ್‌ನಲ್ಲಿ ಕೆಲಸ ಖಾಲಿ ಇದೆಯಂತೆ. ದಿನವೆಲ್ಲಾ ಅವನ್ ಪಕ್ಕ ನಿಂತಿರಬಹುದು. ತಿಂಗಳ ಕೊನೆಯೊಳಗೆ ಹೇಳಬೇಕು," ಎಂದಳು.

"ಮೈದಾನ?"

"ನೀವಿದ್ದೀರಲ್ಲ. ಗಾಡಿ ಬೆಚ್ಚಗಾದ್ರೆ ನಾನು ಓಡಿಸ್ತೀನಿ. ಇಲ್ಲಾಂದ್ರೆ ನೀವು ಓಡಿಸಿ."

ಆರೂವರೆ ಎಂಬುದು ಗಡಿಯಾರದಲ್ಲಿ ದಿನಕ್ಕೆ ಎರಡು ಸಲ ಬರುತ್ತದೆಂದು ನನಗೆ ಗೊತ್ತಿತ್ತು, ಆದರೆ ಮೊದಲನೆಯದರ ಪರಿಚಯವಿರಲಿಲ್ಲ. ಅದೇ ವಾರ ಹೀಟರ್ ಹುಡುಕಿದೆ. ಸ್ಟ್ರಾಟ್‌ಫರ್ಡ್ ಸ್ಟೇಷನ್ನಿನ ಹೊರಗೆ, ಶಾಪಿಂಗ್ ಚೀಲ ಹಿಡಿದವರ ಜಾತ್ರೆಯ ನಡುವೆ, ಎಸೆಕ್ಸ್‌ನಿಂದ ಬಂದ ಒಬ್ಬಾತ ಇನ್ನೂರಕ್ಕೆ ಹೇಳಿದ್ದನ್ನು ನೂರ ನಲವತ್ತಕ್ಕೆ ಇಳಿಸಿದೆ. ಹೇಗೆಂದರೆ, ಹಾಕುವ ವಿಧಾನದ ಪುಸ್ತಕವಿಲ್ಲದೆ ಎಷ್ಟು ಎಂದು ಕೇಳಿ. ಟ್ಯೂಬ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಪೆಟ್ಟಿಗೆಯಿಂದ ಎರಡು ರಬ್ಬರ್ ಪೈಪುಗಳು ಹಾವಿನ ಹೆಡೆಯಂತೆ ಹೊರಗೆ ಇಣುಕುತ್ತಿದ್ದುದರಿಂದ ಅಕ್ಕಪಕ್ಕದ ನಾಲ್ಕು ಸೀಟು ಖಾಲಿಯಾಗಿ, ಕಾಲು ಚಾಚಿಕೊಂಡು ಬಂದೆ.

ಪುಸ್ತಕವಿಲ್ಲದಿದ್ದರೇನು, ಡಾಕ್ಟರಿದ್ದರು. ಧಾರವಾಡದ ಡಾಕ್ಟರ್ ಹಿರೇಮಠರು ನಮ್ಮ ಬೀದಿಯವರು. ಇಲ್ಲಿಯ ಆಸ್ಪತ್ರೆಯಲ್ಲಿ ರಕ್ತನಾಳಗಳ ಸರ್ಜನ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ಮೇಲೆ ಕತ್ತರಿಸಲು ಏನೂ ಸಿಗದೆ ಹಿತ್ತಲಿನ ಬೇಲಿಯನ್ನು ವಾರಕ್ಕೆರಡು ಸಲ ಕತ್ತರಿಸುತ್ತಿದ್ದರು. ವಿಷಯ ಹೇಳಿದೊಡನೆ ಅವರ ಕಣ್ಣು ಹೊಳೆಯಿತು.

"ಇದೇನಂಥಾ ದೊಡ್ಡ ಕೆಲಸಪಾ ಗಂಗಾಧರ. ಎಂಜಿನ್ ಅಂದ್ರ ಹೃದಯ. ಅದರ ಬಿಸಿನೀರು ಹರಿಯೂ ಹೋಸ್ ಅಂದ್ರ ರಕ್ತನಾಳ. ನಡುವ ಕೊಯ್ದು, ಒಂದು ಕವಲು ತಗದು, ಹೀಟರಿಗೆ ಕೊಟ್ರ ಆತು. ಜನ್ಮಾನೇ ಇದರಾಗ ಕಳದೀನಿ. ಆಗ ಪೇಷಂಟ್ ಎದ್ದು ಬಯ್ತಿದ್ರು, ಇದು ಬಯ್ಯೂದಿಲ್ಲ."

ಹಾಗೆ ಒಂದು ಭಾನುವಾರ ಮೈದಾನದ ಶೆಡ್ಡಿನಲ್ಲಿ ಆಪರೇಷನ್ ಶುರುವಾಯಿತು. ಡಾಕ್ಟರು ಕೈ ತೊಳೆದುಕೊಂಡು ಗ್ಲೌಸ್ ಹಾಕಿಕೊಂಡರು. ಹೋಸ್ ಕತ್ತರಿಸುವಾಗ ನೀರು ಸೋರದಂತೆ ಎರಡೂ ಕಡೆ ಬಿಗಿಹಿಡಿಯಬೇಕು. ಡಾಕ್ಟರು ಮನೆಯಿಂದ ತಂದಿದ್ದ ಚಿಮಟ ನರಕ್ಕೆ ಸರಿ, ಹೋಸಿಗೆ ಸಾಲದು. ನಾನು ಮನೆಗೆ ಓಡಿ ಸುಜಾತಳ ಇಕ್ಕಳ ತಂದೆ. ಮೈಸೂರಿನಿಂದ ಅವಳ ಜೊತೆ ಬಂದದ್ದು, ಬಿಸಿ ಪಾತ್ರೆಯನ್ನು ಮೊಸಳೆಯಂತೆ ಕಚ್ಚುತ್ತದೆ. ಒಂದು ಕಡೆ ಅದನ್ನು ಹೋಸಿಗೆ ಕಚ್ಚಿಸಿ, ಇನ್ನೊಂದು ಕಡೆ ಹಗ್ಗ ಬಿಗಿದೆವು. ಡಾಕ್ಟರು ಕತ್ತಿ ಕೈಗೆತ್ತಿಕೊಂಡರು. ಫೋನ್ ಬಂತು.

"ರೀ, ಇಕ್ಕಳ ಎಲ್ಲಿ? ಹಾಲು ಉಕ್ತಾ ಇದೆ."

"ಸುಜಾತ, ಅದೀಗ ಆಪರೇಷನ್‌ನಲ್ಲಿದೆ."

ಫೋನ್ ಇಟ್ಟಳು. ಇಕ್ಕಳ ಮಾತ್ರ ಆ ದಿನದ ನಂತರ ಪೂರ್ತಿ ಬಾಯಿ ಮುಚ್ಚಲಿಲ್ಲ. ಹೊಸದನ್ನು ಮೈಸೂರಿನಿಂದಲೇ ತರಿಸಿಕೊಡಬೇಕಾಯಿತು, ಅಂಚೆ ಖರ್ಚು ಸೇರಿ ನಲವತ್ತೇಳು ಪೌಂಡ್. ಡ್ಯಾಶ್‌ಬೋರ್ಡಿನಲ್ಲಿ ಬಿಸಿಗಾಳಿ ಬರಲು ಎರಡು ದುಂಡು ತೂತು ಕೊರೆಯಬೇಕಿತ್ತು. ಅಳತೆಗೆ ನನ್ನ ಸ್ಟೀಲ್ ಲೋಟದ ತಳ ಸರಿಯಾಗಿತ್ತು. ಡಾಕ್ಟರು ಲೋಟವನ್ನು ಬೋರಲಿಟ್ಟು ಬಾಯಿಯ ಸುತ್ತ ಗೆರೆ ಎಳೆದರು. ಲೋಟದ ಬಾಯಿ ತಳಕ್ಕಿಂತ ದೊಡ್ಡದೆಂಬುದು ತೂತು ಕೊರೆದ ಮೇಲೆ ತಿಳಿಯಿತು. ಸುತ್ತಲೂ ಉಳಿದ ಸಂದಿಗೆ ಫೋಮ್ ತುರುಕಿದೆವು. ಮುಖ್ಯವಾದ ಕೆಲಸ ಇನ್ನೊಂದಿತ್ತು, ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸುವುದು. ಗಾಳಿ ಉಳಿದರೆ ಬಿಸಿನೀರು ಹೀಟರಿಗೆ ಹೋಗುವುದಿಲ್ಲ, ಎಂಜಿನ್ನೂ ಕಾದು ಕೆಡುತ್ತದೆ. ಡಾಕ್ಟರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

"ಒಂದು ಗುಳ್ಳಿ ಉಳೀತಂದ್ರ ಪೇಷಂಟ್ ಕೈಬಿಟ್ಟು ಹೋಗ್ತದ. ತಲಿ ಮ್ಯಾಲ ಮಾಡು," ಎಂದರು.

ಗಾಡಿಯ ಮುಂದಿನ ಚಕ್ರಗಳನ್ನು ಮಣ್ಣಿನ ದಿಬ್ಬದ ಮೇಲೆ ಹತ್ತಿಸಿ, ಒಂದು ಗಂಟೆ ಗುಳ್ಳೆ ಎಣಿಸಿದೆವು. ಆಮೇಲೆ ಅವರು ಹೋಸಿನ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, "ನಾಡಿ ಅದ," ಎಂದರು. ಹೊಗೆಯ ವಿಷ ನಮಗೆ ತಾಗದಿರಲೆಂದು ಗಾಡಿಯ ಬಾಲವನ್ನು ಶೆಡ್ಡಿನ ಹೊರಗಿಟ್ಟು ಮೂತಿಯನ್ನು ಒಳಗಿಟ್ಟು ಹೀಟರ್ ಹಾಕಿದೆವು. ಹತ್ತು ನಿಮಿಷದಲ್ಲಿ ಶೆಡ್ಡೆಲ್ಲ ಬೆಚ್ಚಗಾಯಿತು. ಡಾಕ್ಟರು ಸ್ವೆಟರ್ ತೆಗೆದರು. ನಾವಿಬ್ಬರೂ ಗಾಡಿಯ ಮುಂದೆ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು ಒಬ್ಬರನ್ನೊಬ್ಬರು ಹೊಗಳಿಕೊಂಡೆವು.

ಮರುದಿನ ಬೆಳಿಗ್ಗೆ ಮೈದಾನವೆಲ್ಲ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿತ್ತು. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದೆಂದು ಎಲ್ಲರೂ ಗೇಟಿನ ಹತ್ತಿರ ಸೇರಿದೆವು. ಮಗಳು ನಿಧಿಯೂ ಯೂನಿಫಾರ್ಮ್ ಹಾಕಿಕೊಂಡು ಬಂದಿದ್ದಳು. ಸುಜಾತ ಗಾಡಿ ಹತ್ತಿದಳು. ಹತ್ತುವುದು ಬಹಳ ಸುಲಭವಾಯಿತು. ಮೈದಾನ ಪೂರ್ತಿ ಒಂದು ಸುತ್ತು ಹಾಕಿ ನಮ್ಮ ಮುಂದೆ ಬಂದು ನಿಲ್ಲಿಸಿದಳು. ಹುಬ್ಬಿನ ಮೇಲೆ ಇಬ್ಬನಿ ಕೂತಿತ್ತು, ಮೂಗು ಟೊಮ್ಯಾಟೊ ಆಗಿತ್ತು.

"ಬೆಚ್ಚಗಿದೆಯಾ?" ಎಂದು ಕೇಳಿದೆ.

"ಮಂಡಿ ಬೆಚ್ಚಗಿದೆ ರೀ. ಮಿಕ್ಕಿದ್ದೆಲ್ಲಾ ಹೊರಗಿದೆ."

ಡಾಕ್ಟರು ಹೋಸಿನ ನಾಡಿ ನೋಡಿದರು. ನಾನು ಫ್ಯಾನಿನ ಗುಂಡಿ ಒತ್ತಿ ನೋಡಿದೆ. ಫೋಮ್ ಸಡಿಲವಾಗಿರಬಹುದೆಂದು ಇಬ್ಬರೂ ಚರ್ಚಿಸಿದೆವು. ನಿಧಿ ಫೋನಿನಿಂದ ತಲೆಯೆತ್ತಿ, "ಅಪ್ಪಾ, ದೇರ್ ಆರ್ ನೋ ಡೋರ್ಸ್," ಎಂದಳು.

ಎಲ್ಲರೂ ಬಾಗಿಲು ಇರಬೇಕಾದ ಜಾಗವನ್ನು ನೋಡಿದೆವು. ಹೀಟರ್ ಮಾತ್ರ ಪ್ರಾಮಾಣಿಕವಾಗಿ ಕೆಂಟನ್ ಪ್ರದೇಶವನ್ನು ಬಿಸಿ ಮಾಡುತ್ತಿತ್ತು. ಡಾಕ್ಟರು ಗ್ಲೌಸ್ ತೆಗೆದು ಜೇಬಿಗಿಟ್ಟುಕೊಂಡು, "ನೋಡಪಾ, ಪೈಪಿನ ಕೆಲಸ ನಂದು. ಬಾಗಿಲ ನನಗ ತೋರಿಸೇ ಇಲ್ಲ ನೀನು," ಎಂದರು. ಸುಜಾತ ಗಾಡಿಯಿಂದ ಇಳಿದು, ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ಸ್ಕೂಲಿಗೆ ಸಂಜೆ ಫೋನ್ ಮಾಡುತ್ತೇನೆಂದು ಹೇಳಿ ಮನೆಯ ಕಡೆ ನಡೆದಳು. ಬೀಗದ ಕೈಗಿಂತ ಅವಳ ಬೆರಳು ತಣ್ಣಗಿತ್ತು.

ಸಂಜೆಯೊಳಗೆ ಬಾಗಿಲು ಬೇಕಿತ್ತು. ಡಾಕ್ಟರ ಕಾರಿನಲ್ಲಿ ಎನ್‌ಫೀಲ್ಡಿಗೆ ಹೋದೆ. ಟೆರಿ ಟೀ ಕುಡಿಯುತ್ತಿದ್ದ. ಎಡಗಡೆಯ ಬಾಗಿಲನ್ನು ಆಗಸ್ಟಿನಲ್ಲೇ ಕುದುರೆ ಒದ್ದು ಮುರಿದಿತ್ತಂತೆ. ಬಲಗಡೆಯದು, ಅಂದರೆ ಸ್ಟಿಯರಿಂಗ್ ಕಡೆಯದು, ಮಾತ್ರ ಇತ್ತು. ಇನ್ನೂರ ಇಪ್ಪತ್ತು ಎಂದ. ಕಿಟಕಿಯ ಹಿಡಿ ಇಲ್ಲದೆ ಎಷ್ಟು ಎಂದು ಕೇಳಲು ಬಾಯಿ ತೆರೆದೆ. ಡಾಕ್ಟರು ಹಿಂದಿನಿಂದ ನನ್ನ ಕೋಟು ಎಳೆದರು. ಜೀವನದಲ್ಲಿ ಮೊದಲ ಸಲ, ಹೇಳಿದ ಬೆಲೆಯನ್ನು ಹೇಳಿದ ಹಾಗೆಯೇ ಕೊಟ್ಟೆ. ಕೊಡುತ್ತಿದ್ದಂತೆ ಡಾಕ್ಟರು ನನ್ನ ನಾಡಿ ಹಿಡಿದು ನೋಡಿದರು. ಟೆರಿ ಈ ಸಲ ಕೇಳದೆಯೇ, "ಕೊಸರು," ಎಂದು ಸ್ಪಷ್ಟವಾಗಿ ಉಚ್ಚರಿಸಿ, ಒಂದು ಮೂಟೆ ಗೊಬ್ಬರ ತಂದಿಟ್ಟ.

ಬಾಗಿಲು ಕೂರಿಸಿದ್ದನ್ನು ಸುಜಾತ ಟಾರ್ಚ್ ಬಿಟ್ಟು ನೋಡಿದಳು. ಇನ್ನೊಂದು ಕಡೆಯದೆಲ್ಲಿ ಎಂದು ಕೇಳಲಿಲ್ಲ. ಅಗ್ಗದ ಸಾಮಾನಿನ ಪೌಂಡ್ ಅಂಗಡಿಗೆ ಹೋಗಿ ಬಚ್ಚಲಿನ ಪ್ಲಾಸ್ಟಿಕ್ ಪರದೆಯೊಂದನ್ನು ಮೂರು ಪೌಂಡಿಗೆ, ಬೆಲೆ ಕೇಳದೆ, ತಂದು ಎರಡು ಸೀಟುಗಳ ನಡುವೆ ಮೇಲಿನಿಂದ ಕೆಳಗಿನವರೆಗೆ ಕಟ್ಟಿದಳು. ಎರಡು ತೂತಿನಲ್ಲಿ ಒಂದು ಪರದೆಯ ಆಚೆ ಉಳಿದಿತ್ತು, ಅದಕ್ಕೆ ಮಿಕ್ಕ ಫೋಮ್ ತುರುಕಿದಳು. ಬಿಸಿಗಾಳಿ ಹೊರಗೆ ಹೋಗಲು ದಾರಿಯಿಲ್ಲ.

"ಸ್ಕೂಲಿಗೆ ಬೇಡ ಅಂತ ಹೇಳ್ಬಿಟ್ಟೆ," ಎಂದಳು. "ಆದ್ರೆ ನಾನೊಬ್ಬಳೇ ಹೋಗಲ್ಲ. ಡಬ್ಬಿ ಎತ್ತೋಕೆ ನೀವೂ ಬರಬೇಕು. ಆ ಕಡೆ ಸೀಟು."

"ಆ ಕಡೆ ಬಾಗಿಲಿಲ್ಲವಲ್ಲ."

"ಹತ್ತೋದು ಇಳಿಯೋದು ಸುಲಭ ಅಂತ ನೀವೇ ಹೇಳ್ತಿದ್ರಿ."

ಈಗ ದಿನಾ ಬೆಳಿಗ್ಗೆ ಆರೂವರೆಗೆ ನಾವಿಬ್ಬರೂ ಪಕ್ಕಪಕ್ಕ ಕೂತು ಮೈದಾನ ಸುತ್ತುತ್ತೇವೆ. ಪರದೆಯ ಆಚೆ ಅವಳು ತೆಳು ಸ್ವೆಟರಿನಲ್ಲಿ ಹಾಡು ಗುನುಗುತ್ತಾಳೆ. ಈಚೆ ನಾನು ಎರಡು ಕೋಟು, ಒಂದು ಕಂಬಳಿ, ಡಾಕ್ಟರು ಕೊಟ್ಟ ಮಂಕಿಕ್ಯಾಪಿನಲ್ಲಿ ಕೂತಿರುತ್ತೇನೆ. ಪರದೆಗೆ ಕೆನ್ನೆ ಒತ್ತಿದರೆ ಸ್ವಲ್ಪ ಬಿಸಿ ಸಿಗುತ್ತದೆ. ಹೆಚ್ಚು ಒತ್ತಿದರೆ ಆಚೆಯಿಂದ ಮೊಣಕೈ ಬರುತ್ತದೆ.

ಆದ್ದರಿಂದ ಇಂಥ ಗಾಡಿಗೆ ಹೀಟರ್ ಹಾಕಿಸಬೇಕೆಂದಿರುವವರಿಗೆ ನನ್ನ ಅನುಭವದ ಮಾತು. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಹೋಸ್ ಮುಟ್ಟಬೇಡಿ. ತೂತಿನ ಅಳತೆಗೆ ಲೋಟದ ತಳವನ್ನೇ ನಂಬಿ. ಗಾಳಿ ಹೊರಡಿಸುವಾಗ ಗಾಡಿಯ ಮೂತಿ ಎತ್ತರದಲ್ಲಿರಲಿ, ಅವಸರ ಬೇಡ. ಮನೆಯ ಇಕ್ಕಳ ಮನೆಯಲ್ಲೇ ಇರಲಿ. ಇವೆಲ್ಲಕ್ಕೂ ಮುಂಚೆ ಗಾಡಿಯ ಎರಡೂ ಪಕ್ಕಕ್ಕೆ ಹೋಗಿ ನಿಂತು ಬಾಗಿಲು ಎಣಿಸಿ, ಎಣಿಕೆ ಎರಡು ಬರಬೇಕು. ಮತ್ತು ಯಾರ ಹತ್ತಿರವಾದರೂ ಎಡಗಡೆಯ ಬಾಗಿಲೊಂದಿದ್ದರೆ ದಯವಿಟ್ಟು ತಿಳಿಸಿ. ಹೇಳಿದ ಬೆಲೆ ಕೊಡುತ್ತೇನೆ. ಕೊಸರು ಕೇಳುವುದಿಲ್ಲ, ಗೊಬ್ಬರ ನಮ್ಮಲ್ಲಿ ಸಾಕಷ್ಟಿದೆ.