ನಿಲ್ಲಿಸಿ ತಪಾಸಣೆ ಮಾಡಬೇಕೆಂದು ಕೋರಿ

ಇಂದ:
ಗುಂಡಿ ವಿಭಾಗದ ತಪಾಸಣೆಗಾರ್ತಿ,
ಸಿದ್ಧ ಉಡುಪು ಕಾರ್ಖಾನೆ
(ಸದ್ಯ ಮನೆಯ ಮಂಚದ ಮೇಲೆ)

ಗೆ:
ತಪಾಸಣಾ ವೈದ್ಯಾಧಿಕಾರಿಗಳು,
ಕಾರ್ಮಿಕರ ಆಸ್ಪತ್ರೆ, ಒಂಬತ್ತನೇ ಕೊಠಡಿ

ವಿಷಯ: ಅರ್ಜಿದಾರಳ ತಲೆನೋವನ್ನು ಅದು ಇರುವ ಹೊತ್ತಿನಲ್ಲೇ ನೋಡುವ ಬಗ್ಗೆ.

ಉಲ್ಲೇಖ: ‘ತಲೆನೋವು ಇಲ್ಲ’ ಎಂದು ತಾವು ದಯಪಾಲಿಸಿದ ಮೂರು ವರದಿಗಳು.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮ ಗಮನಕ್ಕೆ ತರುವುದೇನೆಂದರೆ, ಏಳು ತಿಂಗಳ ಹಿಂದೆ ಹೆರಿಗೆ ಆಪರೇಷನ್ನಿಗೆಂದು ಅರ್ಜಿದಾರಳ ಬೆನ್ನಿಗೆ ಇಂಜೆಕ್ಷನ್ ಕೊಡಲಾಯಿತು. ಮಗಳು ಹುಟ್ಟಿದಳು. ಮೂರನೆಯ ದಿನ ತಲೆನೋವು ಹುಟ್ಟಿತು. ಇಬ್ಬರೂ ಚೆನ್ನಾಗಿ ಬೆಳೆಯುತ್ತಿದ್ದಾರೆ.

೧. ಸದರಿ ನೋವು ಬಲು ಶಿಸ್ತಿನದು. ಮಲಗಿದರೆ ಇರುವುದಿಲ್ಲ, ಎದ್ದು ನಿಂತ ಹತ್ತು ನಿಮಿಷಕ್ಕೆ ಹಾಜರು. ಕುತ್ತಿಗೆಯಿಂದ ಹಣೆಯವರೆಗೆ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡಿ ಕಣ್ಣಿಗೆ ಕತ್ತಲೆ ಬರುತ್ತದೆ. ಇದನ್ನು ಕೇಳಿದ ಕಾರ್ಖಾನೆಯ ಸೂಪರ್‌ವೈಸರ್, "ಮಲಗಿದ್ರೆ ವಾಸಿಯಾಗೋ ಕಾಯಿಲೆ ನಮಗೂ ಬರಬಾರದಾ" ಎಂದು ಹಲ್ಲು ಕಿರಿದರು.

೨. ಬೆನ್ನೊಳಗೆ ಸೂಜಿ ಮಾಡಿದ ತೂತು ಇನ್ನೂ ಮುಚ್ಚಿಲ್ಲ, ನಿಂತಾಗ ಅಲ್ಲಿಂದ ನೀರು ಸೋರಿ ತಲೆ ನೋಯುತ್ತದೆ, ಅರ್ಜಿದಾರಳದೇ ರಕ್ತ ತೆಗೆದು ಅಲ್ಲಿಗೆ ಚುಚ್ಚಿದರೆ ಮುಚ್ಚಬಹುದು ಎಂದು ಹೆರಿಗೆ ಡಾಕ್ಟರಮ್ಮ ಹೇಳಿದ್ದಾರೆ. ಅದು ದೊಡ್ಡಾಸ್ಪತ್ರೆಯಲ್ಲಿ ಮಾತ್ರ ಆಗುತ್ತದೆ. ಅಲ್ಲಿಗೆ ಹೋಗಲು ತಮ್ಮ ಚೀಟಿ ಬೇಕು. ಚೀಟಿ ಸಿಗಲು ತಮ್ಮ ಫಾರಂನ ಹದಿಮೂರನೆಯ ಕಾಲಂನಲ್ಲಿ ‘ತಲೆನೋವು ಇದೆ’ ಎಂದು ಬರೆದಿರಬೇಕು.

೩. ತಮ್ಮ ಕೊಠಡಿಯ ಪದ್ಧತಿಯಂತೆ, ಬಂದವರನ್ನು ಮೊದಲು ಮಲಗಿಸಿ ಆಮೇಲೆ ಫಾರಂ ತುಂಬಲಾಗುತ್ತದೆ. ಹದಿಮೂರನೆಯ ಕಾಲಂ ಬರುವಷ್ಟರಲ್ಲಿ ನೋವು ಜಾಗ ಖಾಲಿ ಮಾಡಿರುತ್ತದೆ.

ಮೊದಲ ಬಾರಿ ತಾವು, "ಈಗ ನೋವಿದೆಯೇನಮ್ಮ?" ಎಂದಿರಿ.

"ಈಗಿಲ್ಲ ಸರ್. ಎದ್ರೆ ಬರುತ್ತೆ."

"ಈಗಿನದ್ದು ಹೇಳಿ ಸಾಕು" ಎಂದು ‘ಇಲ್ಲ’ ಬರೆದಿರಿ. ಅವಳು ಎದ್ದು, ಚಪ್ಪಲಿ ಹುಡುಕಿ, ಬಾಗಿಲು ದಾಟಿ, ಗೋಡೆ ಹಿಡಿದು ವಾಪಸ್ ಬಂದು, "ಬಂತು ಸರ್" ಎಂದಾಗ, "ಫಾರಂ ಮುಗೀತಲ್ಲಮ್ಮ" ಎಂದಿರಿ.

ಎರಡನೆಯ ಬಾರಿ ಎರಡು ಗಂಟೆ ಸಾಲಿನಲ್ಲಿ ನಿಂತು ಹೈರಾಣಾಗಿದ್ದ ಅರ್ಜಿದಾರಳು ತಮ್ಮ ತಪಾಸಣೆಯ ಮೇಜಿನ ಮೇಲೆ ಮಲಗಿದವಳೇ ನಿದ್ದೆ ಹೋದಳು. ‘ತಲೆನೋವು ಇಲ್ಲ, ನೆಮ್ಮದಿಯಿಂದಿದ್ದಾರೆ’ ಎಂದು ವರದಿಯಾಯಿತು.

ಮೂರನೆಯ ಬಾರಿಗೆ ಅತ್ತೆಯವರು, "ಇದೆ ಅಂತ ಒಂದು ಸುಳ್ಳು ಹೇಳ್ಬಿಡೇ, ನಿನ್ನ ಗಂಟೇನು ಹೋಗುತ್ತೆ" ಎಂದು ಹೇಳಿಕೊಟ್ಟು ಕಳಿಸಿದರು. ಹೇಳಿದಳು. ಆದರೆ ಬೆನ್ನು ಮೇಜಿಗೆ ತಾಗಿದ ಸುಖಕ್ಕೆ ಮುಖ ತಾನಾಗಿಯೇ ಅರಳಿತ್ತು. "ನಗ್ತಾ ಇದ್ದೀರಲ್ಲಮ್ಮ" ಎಂದು ತಾವು ಮತ್ತೆ ‘ಇಲ್ಲ’ ಬರೆದಿರಿ. ಸುಳ್ಳೂ ದಂಡವಾಯಿತು.

೪. ಮಗಳು ಈಗ ಎತ್ತಿಕೋ ಎಂದು ಕೈ ಚಾಚುತ್ತಾಳೆ. ಅರ್ಜಿದಾರಳು ಮಂಚದ ಮೇಲಿರುವ ಕಾರಣ, ಚಾಚುವುದು ಅಜ್ಜಿಯ ಕಡೆಗೆ. ಮೊನ್ನೆ ಅರ್ಜಿದಾರಳು ಹಲ್ಲು ಕಚ್ಚಿ ಎತ್ತಿಕೊಂಡು ಕಿಟಕಿಯವರೆಗೆ ಹೋದಳು. ಮಗು ಅಜ್ಜಿ ಬೇಕೆಂದು ಅತ್ತಿತು. ಅತ್ತೆಯವರು ಒಳ್ಳೆಯವರು, ಅವರ ತಪ್ಪೇನೂ ಇಲ್ಲ. ಆದರೂ ಅರ್ಜಿದಾರಳ ಹೊಟ್ಟೆ ಉರಿದಿದೆ. ಇದಕ್ಕೆ ತಮ್ಮ ಫಾರಂನಲ್ಲಿ ಕಾಲಂ ಇಲ್ಲದ್ದರಿಂದ ಇಲ್ಲಿ ನಮೂದಿಸಲಾಗಿದೆ.

ಆದ್ದರಿಂದ, ನಾಲ್ಕನೆಯ ತಪಾಸಣೆಯಲ್ಲಿ ಅರ್ಜಿದಾರಳನ್ನು ಮಲಗಿಸದೆ, ಗೋಡೆ ಗಡಿಯಾರದ ಪ್ರಕಾರ ಇಪ್ಪತ್ತು ನಿಮಿಷ ನಿಲ್ಲಿಸಿ, ಆಮೇಲೆ ಹದಿಮೂರನೆಯ ಕಾಲಂ ತುಂಬಬೇಕಾಗಿ ವಿನಂತಿ.

ತಮ್ಮಲ್ಲಿ ಇನ್ನೂ ವಿಶ್ವಾಸವಿಟ್ಟಿರುವ
ಅರ್ಜಿದಾರಳು
(ಸಹಿಯನ್ನು ನಿಂತು ಮಾಡಿದ್ದರಿಂದ ಸೊಟ್ಟಗಿದೆ)

ಲಗತ್ತುಗಳು:
೧. ತಮ್ಮ ವರದಿಗಳು, ಮೂರು.
೨. ಹೆರಿಗೆ ಡಾಕ್ಟರಮ್ಮನ ಪತ್ರ.
೩. ‘ಸುಳ್ಳು ಹೇಳಿಕೊಟ್ಟದ್ದು ನಾನೇ’ ಎಂದು ಅತ್ತೆಯವರು ಬರೆದುಕೊಟ್ಟ ತಪ್ಪೊಪ್ಪಿಗೆ.

ವಿಶೇಷ ಸೂಚನೆ: ಹೇಗೂ ಇಪ್ಪತ್ತು ನಿಮಿಷ ನಿಲ್ಲಲೇಬೇಕಾಗಿರುವುದರಿಂದ, ಅಷ್ಟೂ ಹೊತ್ತು ಮಗಳನ್ನು ಎತ್ತಿಕೊಂಡಿರಲು ಅನುಮತಿ ನೀಡಬೇಕು. ಅತ್ತೆಯವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಸಬೇಕು.